ಬ್ಲೆಕ್ ಲ ರಾ: ಪ್ಯಾರಿಸ್ ಗೋಡೆಗಳಿಗೆ ಇಲಿ ಬಿಟ್ಟ ಸ್ಟೆನ್ಸಿಲ್ ಕಲಾವಿದ – ಪದೇ ಪದೇ ಕೇಳುವ ಪ್ರಶ್ನೆಗಳು

ಬೀದಿ ಕಲೆಯ ಮಾತು ಬಂದರೆ ಎಲ್ಲರ ಬಾಯಲ್ಲೂ ಬರುವ ಮೊದಲ ಹೆಸರು ಇಂಗ್ಲೆಂಡಿನ ಕಲಾವಿದ ಬ್ಯಾಂಕ್ಸಿಯದ್ದು. ನಾನು ಬ್ಲೆಕ್ ಲ ರಾ ಹೆಸರು ಹೇಳುತ್ತೇನೆ. "ಅದ್ಯಾರು?" ಅನ್ನುವ ಪ್ರಶ್ನೆ ತಕ್ಷಣ ಬರುತ್ತದೆ. ಅದರ ಹಿಂದೆಯೇ ಇನ್ನೂ ಹತ್ತಾರು ಪ್ರಶ್ನೆಗಳು. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ.

ಬ್ಲೆಕ್ ಲ ರಾ ಯಾರು?

ಫ್ರಾನ್ಸ್‌ನ ಕಲಾವಿದ. ನಿಜ ಹೆಸರು ಕ್ಸಾವಿಯೆ ಪ್ರೂ. 1981ರಲ್ಲಿ ಪ್ಯಾರಿಸ್‌ನ ಗೋಡೆಗಳ ಮೇಲೆ ಸ್ಟೆನ್ಸಿಲ್, ಅಂದರೆ ಆಕಾರ ಕತ್ತರಿಸಿ ತೆಗೆದ ಹಾಳೆ ಇಟ್ಟು, ಸ್ಪ್ರೇ ಬಣ್ಣ ಹೊಡೆದು, ಸಣ್ಣ ಸಣ್ಣ ಕಪ್ಪು ಇಲಿಗಳನ್ನು ಮೂಡಿಸಲು ಶುರು ಮಾಡಿದರು. ಎರಡು ವರ್ಷದ ನಂತರ ಆಳೆತ್ತರದ ಮನುಷ್ಯರನ್ನು ಮೂಡಿಸಿದರು. ಇವತ್ತು ಸ್ಟೆನ್ಸಿಲ್ ಬೀದಿ ಕಲೆ ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಇದೆಯಲ್ಲ, ಗೋಡೆಗೆ ಒರಗಿ ನಿಂತ ಕಪ್ಪು ಬಿಳುಪಿನ ಮನುಷ್ಯ, ಅದಕ್ಕೆ ರೂಪ ಕೊಟ್ಟವರಲ್ಲಿ ಇವರೇ ಮುಂಚೂಣಿಯವರು.

ಹೆಸರನ್ನು ಹೇಗೆ ಹೇಳಬೇಕು? ಅದರ ಅರ್ಥ ಏನು?

"ಬ್ಲೆಕ್ ಲ ರಾ". ಫ್ರೆಂಚ್‌ನಲ್ಲಿ ಇಲಿಗೆ ಬರೆಯುವುದು ಇಂಗ್ಲಿಷ್‌ನ ರ್ಯಾಟ್ ಥರವೇ, ಆದರೆ ಕೊನೆಯ ಅಕ್ಷರವನ್ನು ಉಚ್ಚರಿಸುವುದಿಲ್ಲ. ಹಾಗಾಗಿ "ರಾ".

ಹೆಸರಿನ ಮೊದಲ ಭಾಗ ಬಂದದ್ದು ಒಂದು ಕಾಮಿಕ್ಸ್‌ನಿಂದ. 1950ರ ದಶಕದಲ್ಲಿ ಇಟಲಿಯಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲೂ ಮಕ್ಕಳ ಮನಸ್ಸು ಗೆದ್ದ "ಬ್ಲೆಕ್ ಲ ರಾಕ್" ಅನ್ನುವ ಚಿತ್ರಕಥೆ ಅದು. ಅಮೆರಿಕದ ಕಾಡಿನಲ್ಲಿದ್ದುಕೊಂಡು ಬ್ರಿಟಿಷ್ ಸೈನಿಕರ ವಿರುದ್ಧ ಹೋರಾಡುವ ಬಲಶಾಲಿ ಅದರ ನಾಯಕ. ರಾಕ್ ಅಂದರೆ ಬಂಡೆ. ಪ್ರೂ ಆ ಹೆಸರಿನ ಬಂಡೆಯನ್ನು ತೆಗೆದು ಅಲ್ಲಿಗೆ ಇಲಿಯನ್ನು ತಂದು ಕೂರಿಸಿದರು. ಇದರಲ್ಲಿ ಇನ್ನೊಂದು ಚಮತ್ಕಾರವೂ ಇದೆ. ಎ, ಆರ್, ಟಿ ಅನ್ನುವ ಮೂರು ಅಕ್ಷರ ಸೇರಿದರೆ ಆರ್ಟ್. ಅದೇ ಮೂರನ್ನು ಅದಲು ಬದಲು ಮಾಡಿದರೆ ರ್ಯಾಟ್. ಇಲಿಯ ಹೊಟ್ಟೆಯೊಳಗೇ ಕಲೆ ಕೂತಿದೆ.

ಎಲ್ಲಿ ಹುಟ್ಟಿದರು? ಏನು ಓದಿದರು?

1951ರ ನವೆಂಬರ್‌ನಲ್ಲಿ, ಪ್ಯಾರಿಸ್‌ಗೆ ಅಂಟಿಕೊಂಡೇ ಇರುವ ಬುಲೋನ್-ಬಿಯಾಂಕೂರ್‌ನಲ್ಲಿ. ಓದಿದ್ದು ಪ್ಯಾರಿಸ್‌ನ ಹೆಸರಾಂತ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ. ಅಲ್ಲಿ ಲೋಹದ ತಗಡು ಕೊರೆದು ಅಚ್ಚು ತೆಗೆಯುವ ಎಚಿಂಗ್, ಕಲ್ಲಚ್ಚಿನ ಲಿಥೋಗ್ರಫಿ ಕಲಿತರು. ಕಟ್ಟಡ ವಿನ್ಯಾಸವನ್ನೂ ಓದಿದರು.

ಈ ಎರಡು ಓದನ್ನು ನೆನಪಿಟ್ಟುಕೊಂಡರೆ ಅವರ ಮುಂದಿನ ಕೆಲಸ ಚೆನ್ನಾಗಿ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ. ಅಚ್ಚಿನ ಕಲೆ ಕಲಿತವನಿಗೆ ಒಂದೇ ಚಿತ್ರವನ್ನು ನೂರು ಸಲ ಮೂಡಿಸುವುದು ಹೊಸದಲ್ಲ. ಕಟ್ಟಡ ವಿನ್ಯಾಸ ಓದಿದವನ ಕಣ್ಣಿಗೆ ಗೋಡೆ ಬರೀ ಗೋಡೆಯಾಗಿ ಕಾಣುವುದಿಲ್ಲ. ಅದರ ಎತ್ತರ, ಮೂಲೆ, ಜನ ಯಾವ ಕಡೆಯಿಂದ ನಡೆದು ಬರುತ್ತಾರೆ ಅನ್ನುವುದೆಲ್ಲ ಕಾಣುತ್ತದೆ.

ಇನ್ನೊಂದು ಮಾತು. 1968ರ ಮೇ ತಿಂಗಳಲ್ಲಿ ಫ್ರಾನ್ಸ್‌ನ ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗಿಳಿದಾಗ ಪ್ರತಿಭಟನೆಯ ಪೋಸ್ಟರ್‌ಗಳು ರಾತ್ರೋರಾತ್ರಿ ಅಚ್ಚಾದದ್ದು ಇದೇ ಕಲಾಶಾಲೆಯಲ್ಲಿ.

ಗೋಡೆಯ ಮೇಲೆ ಚಿತ್ರ ಮಾಡುವ ಆಸೆ ಎಲ್ಲಿಂದ ಬಂತು?

1971ರಲ್ಲಿ ಅವರು ನ್ಯೂಯಾರ್ಕ್‌ಗೆ ಹೋಗಿದ್ದರು. ಅಲ್ಲಿನ ಸಬ್‌ವೇ ರೈಲುಗಳ ಮೇಲೆ, ಗೋಡೆಗಳ ಮೇಲೆ ಹುಡುಗರು ತಮ್ಮ ಹೆಸರು ಬರೆಯಲು ಶುರು ಮಾಡಿದ್ದ ಕಾಲ ಅದು. ಇಂಥ ಗೋಡೆಬರಹಕ್ಕೇ ಗ್ರಾಫಿಟಿ ಅನ್ನುವುದು. ಟಾಕಿ 183 ಅಂತ ಊರೆಲ್ಲ ಬರೆಯುತ್ತಿದ್ದ ಹುಡುಗನ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿದ್ದೂ ಅದೇ ವರ್ಷದ ಜುಲೈನಲ್ಲಿ. ಇಪ್ಪತ್ತರ ಹೊಸ್ತಿಲಲ್ಲಿದ್ದ ಪ್ರೂಗೆ ಈ ಬರಹಗಳೆಲ್ಲ ಏನು, ಯಾಕೆ ಅನ್ನುವ ಕುತೂಹಲ ಹತ್ತಿಕೊಂಡಿತು. ಅದು ಹತ್ತು ವರ್ಷ ಒಳಗೇ ಉಳಿಯಿತು.

1981ರಲ್ಲಿ ಜೆರಾರ್ ದ್ಯುಮಾ ಅನ್ನುವ ಗೆಳೆಯನ ಜೊತೆ ಸೇರಿ ಕೆಲಸಕ್ಕೆ ಇಳಿದರು. ಮೊದಲಿಗೆ "ಬ್ಲೆಕ್" ಅನ್ನುವುದು ಇಬ್ಬರ ಜಂಟಿ ಹೆಸರು. 1983ರಲ್ಲಿ ಜೆರಾರ್ ಬಿಟ್ಟು ಹೋದರು. ಪ್ರೂ ಒಬ್ಬರೇ ಆ ಹೆಸರನ್ನು ಮುಂದುವರಿಸಿದರು.

ಹಾಗಾದರೆ ನ್ಯೂಯಾರ್ಕ್ ಥರದ ಗ್ರಾಫಿಟಿಯನ್ನೇ ಯಾಕೆ ಮಾಡಲಿಲ್ಲ?

ಮೊದಲು ಅದನ್ನೇ ಪ್ರಯತ್ನಿಸಿದರು. ಸರಿ ಬರಲಿಲ್ಲ. ಅಮೆರಿಕದ ಶೈಲಿ ಅಮೆರಿಕದ ಹುಡುಗರದ್ದು, ಅದನ್ನು ಪ್ಯಾರಿಸ್‌ನಲ್ಲಿ ನಕಲು ಮಾಡಿದರೆ ಎರವಲು ಅಂಗಿ ಹಾಕಿಕೊಂಡ ಹಾಗೆ ಅಂತ ಅವರಿಗೇ ಅನ್ನಿಸಿತು. ಪ್ಯಾರಿಸ್‌ಗೆ, ಅದರ ಕಟ್ಟಡಗಳಿಗೆ ಹೊಂದುವಂಥದ್ದು ಬೇಕಿತ್ತು.

ಆಗ ನೆನಪಾದದ್ದು ಬಾಲ್ಯದ ಒಂದು ದೃಶ್ಯ. ಅಪ್ಪ ಅಮ್ಮನ ಜೊತೆ ಇಟಲಿಗೆ ಹೋಗಿದ್ದಾಗ ಪಾದುವಾ ಊರಿನ ಗೋಡೆಯ ಮೇಲೆ ಅಲ್ಲಿನ ಫ್ಯಾಸಿಸ್ಟ್ ಸರ್ವಾಧಿಕಾರಿಯಾಗಿದ್ದ ಮುಸೊಲಿನಿಯ ಮುಖದ ಹಳೆಯ ಸ್ಟೆನ್ಸಿಲ್ ನೋಡಿದ್ದರು. ಫ್ಯಾಸಿಸ್ಟರ ಪ್ರಚಾರಕ್ಕಾಗಿ ಹೊಡೆದದ್ದು. ಯುದ್ಧ ಮುಗಿದು ಎಷ್ಟೋ ವರ್ಷಗಳಾಗಿದ್ದರೂ ಅಳಿಸದೆ ಉಳಿದುಕೊಂಡಿತ್ತು.

ಈ ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಜನರನ್ನು ಹೆದರಿಸಿ ಆಳಿದವನ ಮುಖವನ್ನು ಊರೂರಿಗೆ ಹರಡಲು ಬಳಸಿದ ಸಾಧನ ಅದು. ಅದನ್ನೇ ಕೈಗೆತ್ತಿಕೊಂಡು ಈ ಮನುಷ್ಯ ಮೊದಲು ಇಲಿಯನ್ನು, ಆಮೇಲೆ ಬೀದಿಯಲ್ಲಿ ಮಲಗುವವರನ್ನು ಮೂಡಿಸಿದರು.

ಇಲಿಯೇ ಯಾಕೆ?

ನಗರದಲ್ಲಿ ನಿಜವಾಗಿ ಸ್ವತಂತ್ರವಾಗಿರುವ ಪ್ರಾಣಿ ಇಲಿ ಒಂದೇ ಅನ್ನುವುದು ಅವರ ಮಾತು. ನಾಯಿಗೆ ಯಜಮಾನ ಇದ್ದಾನೆ. ಇಲಿಗೆ ಯಾರೂ ಇಲ್ಲ. ಜೊತೆಗೆ ಇಲಿ ಪ್ಲೇಗ್ ಹರಡಿದ ಹಾಗೆ ಈ ಕಲೆಯೂ ಎಲ್ಲ ಕಡೆ ಹರಡಲಿ ಅನ್ನುವ ಆಸೆಯಿತ್ತು. ಪಾಂಪಿದೂ ಸೆಂಟರ್‌ನ ಸುತ್ತಮುತ್ತ ಗೋಡೆಗಳ ಬುಡದಲ್ಲಿ ಇಲಿಗಳು ಓಡತೊಡಗಿದವು. ಆಧುನಿಕ ಕಲೆಯ ದೊಡ್ಡ ಮ್ಯೂಸಿಯಂ ಇರುವ ಜಾಗ ಅದು. ಕಲೆ ಒಳಗಿದೆ ಅಂತ ಜನ ಟಿಕೆಟ್ ತೆಗೆದುಕೊಂಡು ಹೋಗುತ್ತಿದ್ದರೆ ಹೊರಗೆ ಕಾಲ ಹತ್ತಿರವೇ ಕಲೆ ಓಡಾಡುತ್ತಿತ್ತು.

ನಮ್ಮಲ್ಲಿ ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ. ದೊಡ್ಡ ಶ್ರಮ, ಚಿಕ್ಕ ಫಲ ಅಂತ. ಬ್ಲೆಕ್ ವಿಷಯದಲ್ಲಿ ಅದು ತಿರುಗುಮುರುಗು. ಅಂಗೈ ಅಗಲದ ಇಲಿಯಿಂದ ಹೊರಟದ್ದು ಬೆಟ್ಟದಷ್ಟಾಯಿತು.

ಸ್ಟೆನ್ಸಿಲ್ ಹೇಗೆ ಕೆಲಸ ಮಾಡುತ್ತದೆ? ಅದೇನು ಅಷ್ಟು ಕಷ್ಟವಾ?

ತತ್ವ ಬಹಳ ಸರಳ. ಗಟ್ಟಿ ಹಾಳೆಯಲ್ಲಿ ಆಕಾರವನ್ನು ಕತ್ತರಿಸಿ ತೆಗೆಯಬೇಕು. ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಬಣ್ಣ ಹೊಡೆದರೆ ತೂತು ಇರುವಲ್ಲಿ ಮಾತ್ರ ಬಣ್ಣ ಕೂರುತ್ತದೆ. ಹಾಳೆ ತೆಗೆದರೆ ಚಿತ್ರ ಸಿದ್ಧ.

ಕಷ್ಟ ಇರುವುದು ಕತ್ತರಿಸುವ ಮೊದಲು ಯೋಚಿಸುವುದರಲ್ಲಿ. ಸೊನ್ನೆಯನ್ನು ಕತ್ತರಿಸಿ ನೋಡಿ. ಸುತ್ತಿನ ಬಳೆ ಕತ್ತರಿಸಿದರೆ ನಡುವಿನ ಬಿಲ್ಲೆಯೂ ಕಳಚಿ ಕೆಳಗೆ ಬೀಳುತ್ತದೆ. ಅದು ಬೀಳದ ಹಾಗೆ ಹಿಡಿದುಕೊಳ್ಳಲು ಅಲ್ಲಲ್ಲಿ ಸಣ್ಣ ಪಟ್ಟಿಗಳನ್ನು ಬಿಡಬೇಕು. ಕೆಲಸ ಮಾಡುವವರು ನಡುವಿನ ತುಂಡನ್ನು ದ್ವೀಪ ಅಂತಲೂ ಪಟ್ಟಿಯನ್ನು ಸೇತುವೆ ಅಂತಲೂ ಕರೆಯುತ್ತಾರೆ. ಮುಖ ಕತ್ತರಿಸುವಾಗ ಕಣ್ಣಿನ ಬಿಳುಪು, ಹಲ್ಲು, ಮೂಗಿನ ತುದಿಯ ಬೆಳಕು ಎಲ್ಲವೂ ದ್ವೀಪಗಳೇ. ಸೇತುವೆ ಜಾಸ್ತಿಯಾದರೆ ಮುಖ ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ. ಕಡಿಮೆಯಾದರೆ ಹಾಳೆ ಹರಿಯುತ್ತದೆ. ಒಳ್ಳೆಯ ಕಲಾವಿದ ಸೇತುವೆಯನ್ನೇ ಸುಕ್ಕಿನ ಪಕ್ಕದ ಬೆಳಕಾಗಿ, ಬಟ್ಟೆಯ ಮಡಿಕೆಯಾಗಿ ಬದಲಾಯಿಸಿಬಿಡುತ್ತಾನೆ. ನೋಡುವವರಿಗೆ ಅದು ಸೇತುವೆ ಅಂತ ಗೊತ್ತೇ ಆಗುವುದಿಲ್ಲ.

ಒಂದೇ ಬಣ್ಣ ಬಳಸುವಾಗ ಕಪ್ಪು ನೆರಳನ್ನು ಮಾತ್ರ ಹೊಡೆಯುತ್ತಾರೆ. ಬೆಳಕಿನ ಭಾಗ ಗೋಡೆಯ ಬಣ್ಣವೇ. ಅಂದರೆ ಆ ಮನುಷ್ಯನ ಕೆನ್ನೆ ಪ್ಯಾರಿಸ್‌ನ ಹಳೆಯ ಗಾರೆಯದ್ದು. ಗಾರೆಯಲ್ಲಿ ಬಿರುಕಿದ್ದರೆ ಕೆನ್ನೆಯಲ್ಲೂ ಬಿರುಕು. ಈ ಕಾರಣಕ್ಕೇ ಒಂದೇ ಸ್ಟೆನ್ಸಿಲ್ ಎರಡು ಗೋಡೆಗಳ ಮೇಲೆ ಒಂದೇ ಥರ ಕಾಣುವುದಿಲ್ಲ.

ಕತ್ತರಿಸಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು. ಗೋಡೆಯ ಮುಂದೆ ಬೇಕಾಗುವುದು ಕೆಲವೇ ನಿಮಿಷ. ಕಷ್ಟದ ಕೆಲಸವೆಲ್ಲ ಮನೆಯಲ್ಲಿ, ದೀಪದ ಕೆಳಗೆ, ಸಮಾಧಾನವಾಗಿ ಮುಗಿದಿರುತ್ತದೆ. ಕದ್ದು ಮುಚ್ಚಿ ಚಿತ್ರ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ.

ಸ್ಟೆನ್ಸಿಲ್ ಕಲೆಯನ್ನು ಇವರೇ ಕಂಡುಹಿಡಿದರಾ?

ಖಂಡಿತ ಇಲ್ಲ. ಮನುಷ್ಯನ ಅತಿ ಹಳೆಯ ಚಿತ್ರಗಳಲ್ಲೇ ಸ್ಟೆನ್ಸಿಲ್ ಇದೆ. ಗುಹೆಯ ಗೋಡೆಗೆ ಅಂಗೈ ಇಟ್ಟು ಸುತ್ತ ಕೆಮ್ಮಣ್ಣಿನ ಬಣ್ಣ ಊದಿದರೆ ಕೈಯ ಆಕಾರ ಉಳಿಯುತ್ತದೆ. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಒಂದು ಗುಹೆಯ ಕೈ ಗುರುತು ಕಡಿಮೆ ಅಂದರೂ 39,900 ವರ್ಷ ಹಳೆಯದು ಅಂತ 2014ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಫ್ರಾನ್ಸ್‌ನಲ್ಲೇ, ಪಿರಿನೀಸ್ ಬೆಟ್ಟಗಳ ಗಾರ್ಗಾಸ್ ಗುಹೆಯಲ್ಲಿ ಇಂಥ ಕೈಗಳ ದೊಡ್ಡ ಗುಂಪೇ ಇದೆ. ಜಪಾನಿನಲ್ಲಿ ಕಾಗದದ ಸ್ಟೆನ್ಸಿಲ್ ಇಟ್ಟು ಬಟ್ಟೆಗೆ ಬಣ್ಣ ಹಾಕುವ ಪರಂಪರೆ ಶತಮಾನಗಳದ್ದು.

ಇನ್ನು ಸ್ಪ್ರೇ ಬಣ್ಣದ ಡಬ್ಬಿ. ಅದನ್ನು 1949ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಎಡ್ವರ್ಡ್ ಸೀಮೋರ್ ರೂಪಿಸಿದರು. ಸಾವಿರಾರು ವರ್ಷದ ಹಳೆಯ ಉಪಾಯಕ್ಕೆ ಮೂವತ್ತು ವರ್ಷದ ಹೊಸ ಡಬ್ಬಿ ಸೇರಿತು.

ಸರಿ, ಬೀದಿಯಲ್ಲಾದರೂ ಇವರೇ ಮೊದಲಿಗರಾ?

ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಅವರನ್ನು "ಸ್ಟೆನ್ಸಿಲ್ ಗ್ರಾಫಿಟಿಯ ಪಿತಾಮಹ" ಅಂತ ಬರೆಯುವುದು ರೂಢಿಯಾಗಿದೆ. ಆದರೆ ಅವರಿಗಿಂತ ಮೊದಲೇ ಈ ದಾರಿಯಲ್ಲಿ ನಡೆದವರಿದ್ದಾರೆ. ಫ್ರಾನ್ಸ್‌ನವರೇ ಆದ ಎರ್ನೆಸ್ಟ್ ಪಿನ್ಯೋನ್-ಎರ್ನೆಸ್ಟ್ 1966ರಲ್ಲಿ ಆಲ್ಬಿಯೋನ್ ಪ್ರಸ್ಥಭೂಮಿಯ ಬಂಡೆ, ಗೋಡೆಗಳ ಮೇಲೆ ಸ್ಟೆನ್ಸಿಲ್‌ನಿಂದ ಒಬ್ಬ ಮನುಷ್ಯನ ನೆರಳು ಮೂಡಿಸಿದರು. ಹಿರೋಶಿಮಾದಲ್ಲಿ ಬಾಂಬಿನ ಬೆಳಕಿಗೆ ಗೋಡೆಯ ಮೇಲೆ ಅಚ್ಚಾಗಿ ಉಳಿದ ನೆರಳು ಅದು. ಫ್ರಾನ್ಸ್ ತನ್ನ ಅಣು ಕ್ಷಿಪಣಿಗಳನ್ನು ಇಡಲು ಹೊರಟಿದ್ದು ಅದೇ ಪ್ರಸ್ಥಭೂಮಿಯಲ್ಲಿ.

ನ್ಯೂಯಾರ್ಕ್‌ನಲ್ಲಿ ಜಾನ್ ಫೆಕ್ನರ್ 1970ರ ದಶಕದಿಂದಲೇ ಪಾಳುಬಿದ್ದ ಕಟ್ಟಡಗಳ ಮೇಲೆ ದೊಡ್ಡ ಅಕ್ಷರಗಳ ಸ್ಟೆನ್ಸಿಲ್ ಹೊಡೆಯುತ್ತಿದ್ದರು. 1980ರಲ್ಲಿ ಸೌತ್ ಬ್ರಾಂಕ್ಸ್‌ನ ಷಾರ್ಲಟ್ ಬೀದಿಯಲ್ಲಿ "ಮುರಿದ ಭರವಸೆಗಳು" ಅಂತ ಇಂಗ್ಲಿಷ್‌ನಲ್ಲಿ ಬರೆದಿದ್ದರು. ಅಮೆರಿಕದ ಅಧ್ಯಕ್ಷ ಚುನಾವಣೆಯ ಪ್ರಚಾರಕ್ಕೆ ಬಂದ ರೊನಾಲ್ಡ್ ರೇಗನ್ ಆ ಬರಹದ ಮುಂದೆಯೇ ನಿಂತು ಮಾತಾಡಿದರು.

ಇವರೆಲ್ಲ ಇದ್ದೂ ಬ್ಲೆಕ್ ಯಾಕೆ ಮುಖ್ಯ? ಸ್ಟೆನ್ಸಿಲ್ ಅವರ ಕೈಯಲ್ಲಿ ಒಂದು ಸಂದರ್ಭದ ಘೋಷಣೆಯಾಗಿ ಮುಗಿಯಲಿಲ್ಲ. ವರ್ಷಾನುಗಟ್ಟಲೆ, ಊರಿಂದ ಊರಿಗೆ, ಮುಖಗಳನ್ನು, ಆಳೆತ್ತರದ ಮನುಷ್ಯರನ್ನು, ಪ್ರಾಣಿಗಳನ್ನು ಅವರು ಬೀದಿಯಲ್ಲಿ ಬಿಡುತ್ತಾ ಹೋದರು. ಅದೊಂದು ಶೈಲಿಯಾಯಿತು. ಬೇರೆಯವರು ಕಲಿತು ಮುಂದುವರಿಸಬಹುದಾದ ಭಾಷೆಯಾಯಿತು. ಪಿತಾಮಹ ಅನ್ನುವ ಮಾತಿಗೆ ನನ್ನ ಮಟ್ಟಿಗೆ ಇಷ್ಟೇ ಅರ್ಥ.

ಇಲಿಯಿಂದ ಮನುಷ್ಯನ ಕಡೆಗೆ ಯಾವಾಗ ಬಂದರು?

1983ರಲ್ಲಿ. ತಲೆಗೆ ಟೋಪಿ ಹಾಕಿದ ಒಬ್ಬ ಐರಿಶ್ ಮುದುಕ. ಆಳೆತ್ತರ.

ನನಗೆ ಅವರ ಇಡೀ ಬದುಕಿನಲ್ಲಿ ಇದೇ ಅತಿ ದೊಡ್ಡ ಹೆಜ್ಜೆ ಅನ್ನಿಸುತ್ತದೆ. ಇಲಿ ಕಣ್ಣಿಗೆ ಬಿದ್ದರೆ ನಾವು ನಕ್ಕು ಮುಂದೆ ಹೋಗುತ್ತೇವೆ. ಪೋಸ್ಟರ್ ಅಳತೆಯ ಮುಖ ಕಂಡರೆ ಜಾಹೀರಾತು ಅಂದುಕೊಳ್ಳುತ್ತೇವೆ. ಆದರೆ ನಮ್ಮಷ್ಟೇ ಎತ್ತರದ ಮನುಷ್ಯ, ನಾವು ನಿಂತ ನೆಲದ ಮೇಲೇ ಪಾದ ಊರಿ, ಮೂಲೆ ತಿರುಗಿದ ತಕ್ಷಣ ಎದುರಾದರೆ? ಅರೆಕ್ಷಣ ಯಾರೋ ನಿಂತಿದ್ದಾರೆ ಅನ್ನಿಸುತ್ತದೆ. ಮೈ ಜುಮ್ ಅನ್ನುತ್ತದೆ. ಚಿತ್ರ ನೋಡುವ ಮೊದಲೇ ಒಬ್ಬರನ್ನು ಭೇಟಿಯಾಗಿಬಿಟ್ಟಿರುತ್ತೇವೆ. ಬ್ಲೆಕ್ ಬೀದಿಗೆ ಕೊಟ್ಟದ್ದು ಈ ಭೇಟಿಯನ್ನು.

ಇದಕ್ಕಾಗಿ ಅವರು ಪಟ್ಟ ಶ್ರಮವೂ ದೊಡ್ಡದು. ಆಳೆತ್ತರದ ಸ್ಟೆನ್ಸಿಲ್ ಅಂದರೆ ನಿಮ್ಮಷ್ಟೇ ಎತ್ತರದ ಹಾಳೆ. ಗಾಳಿ ಬೀಸಿದರೆ ಬಾವುಟದ ಹಾಗೆ ಬಡಿಯುತ್ತದೆ. ರಾತ್ರಿ, ಒಂದು ಕೈಯಲ್ಲಿ ಅದನ್ನು ಗೋಡೆಗೆ ಒತ್ತಿ, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು, ಕಿವಿಯನ್ನು ಬೀದಿಯ ಕಡೆಗೆ ಕೊಟ್ಟು ಮಾಡುವ ಕೆಲಸ.

ಆಮೇಲೆ ಯಾರ್ಯಾರ ಚಿತ್ರ ಮಾಡಿದರು?

ಮೂಕಿ ಚಿತ್ರಗಳ ನಟ ಬಸ್ಟರ್ ಕೀಟನ್, ಕಲಾವಿದರಾದ ಆಂಡಿ ವಾರ್ಹೋಲ್, ಜೋಸೆಫ್ ಬಾಯ್ಸ್, ಹಾಡುಗಾರ ಟಾಮ್ ವೇಟ್ಸ್. ಸೈನಿಕರು, ನರ್ತಕಿಯರು, ಭಿಕ್ಷುಕರು, ಕುರಿಗಳು. ಮೈಕೆಲಾಂಜೆಲೊನ ಡೇವಿಡ್ ವಿಗ್ರಹದ ಕೈಗೆ ಬಂದೂಕು ಕೊಟ್ಟ ಚಿತ್ರವೂ ಉಂಟು, ಅದು ವಾದಕ್ಕೂ ಕಾರಣವಾಯಿತು. ಸೂಟ್‌ಕೇಸ್ ಹಿಡಿದು ನಡೆಯುವ ಮನುಷ್ಯನೊಬ್ಬ ಮತ್ತೆ ಮತ್ತೆ ಬರುತ್ತಾನೆ. ಗೋಡೆಗಳನ್ನು ದಾಟಿ ಹೋಗುವ ಮನುಷ್ಯ ಅಂತ ಅವನ ಹೆಸರು. ಆ ಮನುಷ್ಯ ಬೇರೆ ಯಾರೂ ಅಲ್ಲ, ಬ್ಲೆಕ್ ಅವರೇ.

1991ರಲ್ಲಿ ಏನಾಯಿತು?

ಪೊಲೀಸರ ಕೈಗೆ ಸಿಕ್ಕಿಬಿದ್ದರು. ಇಟಲಿಯ ಹಳೆಯ ಕಲಾವಿದ ಕಾರವಾಜ್ಜೊನ ತಾಯಿ ಮಗುವಿನ ಚಿತ್ರವನ್ನು, ಅಂದರೆ ಮೇರಿ ಮತ್ತು ಬಾಲ ಯೇಸುವನ್ನು, ಸ್ಟೆನ್ಸಿಲ್‌ನಲ್ಲಿ ಗೋಡೆಗೆ ಹೊಡೆಯುತ್ತಿದ್ದಾಗ. ಹತ್ತು ವರ್ಷ ಹೆಸರು ಮಾತ್ರ ಗೊತ್ತಿದ್ದು ಮುಖ ಗೊತ್ತಿಲ್ಲದಿದ್ದ ಬ್ಲೆಕ್ ಇವರೇ ಅಂತ ಪೊಲೀಸರಿಗೆ ಆಗ ತಿಳಿಯಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು, ದಂಡ ಬಿತ್ತು.

ಅಷ್ಟಕ್ಕೇ ಗೋಡೆ ಬಿಟ್ಟರಾ?

ಬಿಡಲಿಲ್ಲ, ದಾರಿ ಬದಲಾಯಿಸಿದರು. ನೇರವಾಗಿ ಗೋಡೆಗೆ ಬಣ್ಣ ಹೊಡೆಯುವುದನ್ನು ನಿಲ್ಲಿಸಿ, ಸ್ಟುಡಿಯೋದಲ್ಲೇ ಕಾಗದದ ಮೇಲೆ ಸ್ಟೆನ್ಸಿಲ್ ಹೊಡೆದು ಆ ಕಾಗದವನ್ನು ಗೋಡೆಗೆ ಅಂಟಿಸತೊಡಗಿದರು. ಅಂಟಿಸುವುದು ಇನ್ನೂ ಬೇಗ ಮುಗಿಯುತ್ತದೆ. ಸಿಕ್ಕಿಬಿದ್ದರೂ ಶಿಕ್ಷೆ ಕಡಿಮೆ, ಯಾಕೆಂದರೆ ಕಾಗದವನ್ನು ಕಿತ್ತು ತೆಗೆಯಬಹುದು.

ಇಲ್ಲಿ ಒಂದು ಸ್ವಾರಸ್ಯ. ಪ್ಯಾರಿಸ್‌ನ ಹಳೆಯ ಗೋಡೆಗಳ ಮೇಲೆ "ಪೋಸ್ಟರ್ ಅಂಟಿಸಬಾರದು, 29 ಜುಲೈ 1881ರ ಕಾನೂನು" ಅಂತ ಫ್ರೆಂಚ್‌ನಲ್ಲಿ ಬರೆದಿರುವುದು ಈಗಲೂ ಕಾಣುತ್ತದೆ. ಆ ಎಚ್ಚರಿಕೆಯನ್ನೂ ಎಷ್ಟೋ ಕಡೆ ಸ್ಟೆನ್ಸಿಲ್ ಇಟ್ಟೇ ಬರೆದಿದ್ದಾರೆ!

ಫ್ರಾನ್ಸ್‌ನಲ್ಲಿ ಈಗ ಕಾನೂನು ಏನು ಹೇಳುತ್ತದೆ?

ಅನುಮತಿಯಿಲ್ಲದೆ ಗೋಡೆ, ವಾಹನ, ರಸ್ತೆಯ ಮೇಲೆ ಬರೆದರೆ, ಚಿತ್ರ ಮಾಡಿದರೆ ಅಪರಾಧ. ಹಾನಿ ಸಣ್ಣದಾಗಿದ್ದರೆ 3,750 ಯೂರೊ ತನಕ ದಂಡ, ಜೊತೆಗೆ ಸಮುದಾಯ ಸೇವೆ. ಹಾನಿ ದೊಡ್ಡದಾದರೆ ಎರಡು ವರ್ಷದ ಜೈಲು, 30,000 ಯೂರೊ ದಂಡದ ತನಕ ಹೋಗಬಹುದು. ಮನೆಯ ಮಾಲೀಕರ ಗೋಡೆ ಅವರದ್ದು, ಅವರ ಸಿಟ್ಟಿಗೂ ಅರ್ಥ ಇದೆ. ಆದರೆ ಅದೇ ಗೋಡೆಯನ್ನು ದುಡ್ಡು ಕೊಟ್ಟ ಜಾಹೀರಾತು ಹಗಲು ರಾತ್ರಿ ಆಳುತ್ತದೆ, ಅದಕ್ಕೆ ದಾರಿಹೋಕರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಈ ಎರಡರ ನಡುವೆ ಬ್ಲೆಕ್ ಕೆಲಸ ನಿಂತಿದೆ. ಕಾನೂನು ಮುರಿದರು ಅನ್ನುವುದು ನಿಜ. ಊರಿಗೆ ಏನೋ ಕೊಟ್ಟರು ಅನ್ನುವುದೂ ಅಷ್ಟೇ ನಿಜ.

ಅವರ ಕೆಲಸದಲ್ಲಿ ರಾಜಕೀಯ ಇದೆಯಾ?

ಇದೆ, ಆದರೆ ಘೋಷಣೆ ಕೂಗುವ ರಾಜಕೀಯ ಕಡಿಮೆ. ಎರಡು ಉದಾಹರಣೆ ಸಾಕು.

2005ರ ಜನವರಿಯಲ್ಲಿ ಲಿಬರಾಸಿಯೋನ್ ಪತ್ರಿಕೆಯ ಫ್ಲೊರಾನ್ಸ್ ಒಬೆನಾ ಅನ್ನುವ ಪತ್ರಕರ್ತೆಯನ್ನೂ ಅವರಿಗೆ ಸಹಾಯಕರಾಗಿದ್ದ ಹುಸೇನ್ ಹನೂನ್ ಅವರನ್ನೂ ಇರಾಕಿನಲ್ಲಿ ಅಪಹರಿಸಿದರು. ಬ್ಲೆಕ್ ಆಕೆಯ ಚಿತ್ರವನ್ನು ಮಾಡಿ ಪ್ಯಾರಿಸ್‌ನ ಗೋಡೆಗಳಿಗೆ ಅಂಟಿಸಿದರು. ಸುದ್ದಿ ಹಳೆಯದಾದ ಹಾಗೆ ಮುಖ ಮರೆಯುತ್ತದೆ ಅಲ್ವಾ? ಮರೆಯಲು ಬಿಡಬಾರದು ಅನ್ನುವುದೇ ಉದ್ದೇಶ. ಜೂನ್‌ನಲ್ಲಿ ಇಬ್ಬರೂ ಬಿಡುಗಡೆಯಾದರು.

ಮರುವರ್ಷ, 2006ರಲ್ಲಿ, ಮನೆಯಿಲ್ಲದವರ ಸರಣಿ. ಕಾಲುದಾರಿಯಲ್ಲಿ ನಿಂತವರು, ಕುಳಿತವರು, ಮುದುಡಿ ಮಲಗಿದವರು. ಎಲ್ಲರೂ ನಿಜವಾದ ಅಳತೆಯಲ್ಲಿ, ಅವರು ನಿಜವಾಗಿ ಇರುವ ಎತ್ತರದಲ್ಲೇ, ಅಂದರೆ ನೆಲಕ್ಕೆ ತಾಗಿಕೊಂಡೇ. ಇದು ನನಗೆ ಬಹಳ ಹತ್ತಿರದ ಕೆಲಸ. ನಿಜವಾದ ಮನುಷ್ಯ ಬೀದಿಯಲ್ಲಿ ಮಲಗಿದ್ದರೆ ನಾವು ಕಣ್ಣು ತಪ್ಪಿಸಿ ದಾಟುತ್ತೇವೆ. ಅದೇ ಮನುಷ್ಯನ ಚಿತ್ರ ಇದ್ದರೆ ನಿಂತು ನೋಡುತ್ತೇವೆ, ಫೋಟೊ ತೆಗೆಯುತ್ತೇವೆ. ಆ ಚಿತ್ರದ ಪಕ್ಕದಲ್ಲಿ ನಿಂತಾಗ ಈ ವ್ಯತ್ಯಾಸ ಹೊಳೆದು ಮುಖ ಬಿಸಿಯಾಗುತ್ತದೆ. ಒಂದು ಹಾಳೆ ಕಾಗದಕ್ಕೆ ಇಷ್ಟು ಮಾಡಲು ಆಗುತ್ತದೆ.

ಬ್ಯಾಂಕ್ಸಿ ಇವರನ್ನು ನಕಲು ಮಾಡಿದರಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು.

ಹೋಲಿಕೆ ಕಣ್ಣಿಗೆ ಕಾಣುವಂಥದ್ದು. ಬ್ಯಾಂಕ್ಸಿಯ ಇಲಿಗಳು, ಕಪ್ಪು ಬಿಳುಪಿನ ಆಳೆತ್ತರದ ಸ್ಟೆನ್ಸಿಲ್ ಮನುಷ್ಯರು, ಜಾಗಕ್ಕೆ ಹೊಂದಿಸಿ ಚಿತ್ರ ನಿಲ್ಲಿಸುವ ರೀತಿ ಎಲ್ಲವೂ ಬ್ಲೆಕ್ ಕೆಲಸದಲ್ಲಿ ಮೊದಲೇ ಇವೆ. ಬ್ಯಾಂಕ್ಸಿ ಇದನ್ನು ಮುಚ್ಚಿಟ್ಟಿಲ್ಲ. ತಾನು ಏನೋ ಹೊಸದು ಮಾಡಿದೆ ಅಂದುಕೊಂಡಾಗಲೆಲ್ಲ ಬ್ಲೆಕ್ ಅದನ್ನು ಇಪ್ಪತ್ತು ವರ್ಷ ಮೊದಲೇ ಮಾಡಿರುತ್ತಾರೆ ಅನ್ನುವ ಅರ್ಥದ ಮಾತು ಬ್ಯಾಂಕ್ಸಿಯದ್ದೇ ಅಂತ ಎಲ್ಲೆಡೆ ಉಲ್ಲೇಖವಾಗುತ್ತದೆ. 2008ರ ಮೇ ತಿಂಗಳಲ್ಲಿ ಬ್ಯಾಂಕ್ಸಿ ಲಂಡನ್‌ನ ಲೀಕ್ ಬೀದಿಯ ಸುರಂಗದಲ್ಲಿ "ಕ್ಯಾನ್ಸ್ ಫೆಸ್ಟಿವಲ್" ಅಂತ ಸ್ಟೆನ್ಸಿಲ್ ಕಲಾವಿದರ ಜಾತ್ರೆಯನ್ನೇ ನಡೆಸಿದಾಗ ಬ್ಲೆಕ್ ಅಲ್ಲಿ ಚಿತ್ರ ಮಾಡಿದರು.

ವ್ಯತ್ಯಾಸವೂ ಇದೆ. ಬ್ಯಾಂಕ್ಸಿಯ ಚಿತ್ರಕ್ಕೆ ಒಂದು ಚುರುಕಾದ ಮಾತಿರುತ್ತದೆ. ನೋಡಿದ ತಕ್ಷಣ ಅರ್ಥವಾಗುತ್ತದೆ, ನಗು ಬರುತ್ತದೆ, ಆಮೇಲೆ ಚುಚ್ಚುತ್ತದೆ. ಬ್ಲೆಕ್ ಮನುಷ್ಯರು ಹಾಗಲ್ಲ. ಅವರು ಸುಮ್ನೆ ನಿಂತಿರುತ್ತಾರೆ. ಯಾಕೆ ಇಲ್ಲಿದ್ದಾರೆ, ಯಾರಿಗೆ ಕಾಯುತ್ತಿದ್ದಾರೆ ಅಂತ ನಾವೇ ಯೋಚಿಸಬೇಕು. ನಕಲು ಅನ್ನುವ ಮಾತು ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಸಾಲ ಅನ್ನುವ ಮಾತು ಸರಿ, ಆ ಸಾಲವನ್ನು ಒಪ್ಪಿಕೊಂಡೂ ಆಗಿದೆ. ನನ್ನ ಬೇಸರ ಬ್ಯಾಂಕ್ಸಿ ಮೇಲೆ ಇಲ್ಲ. ಸಾಲ ಪಡೆದವರ ಹೆಸರನ್ನು ನೂರು ಸಲ ಹೇಳಿ, ಕೊಟ್ಟವರ ಹೆಸರನ್ನು ಒಂದು ಸಲವೂ ಹೇಳದ ಬರಹಗಳ ಮೇಲೆ ಇದೆ.

ಗ್ಯಾಲರಿಗಳಲ್ಲೂ ಅವರ ಚಿತ್ರ ಸಿಗುತ್ತವಾ?

ಹೌದು. 2006ರಲ್ಲಿ ಲಂಡನ್‌ನಲ್ಲಿ, 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವರ ಪ್ರದರ್ಶನಗಳು ನಡೆದವು. ಕ್ಯಾನ್ವಾಸ್, ಅಚ್ಚಿನ ಪ್ರತಿಗಳು ಮಾರಾಟವಾಗುತ್ತವೆ. ಬದುಕಲು ಅದೂ ಬೇಕು. ಆದರೆ ಚೌಕಟ್ಟಿನೊಳಗಿನ ಇಲಿಗೆ ಓಡಲು ಜಾಗವಿಲ್ಲ. ಅವರ ಚಿತ್ರ ಬೀದಿಯಲ್ಲೇ ಚೆಂದ.

ಫ್ರಾನ್ಸ್‌ನಲ್ಲಿ ಈ ದಾರಿ ಹಿಡಿದ ಬೇರೆಯವರು ಯಾರು?

ಜೆಫ್ ಆರೊಸೋಲ್ 1982ರಲ್ಲೇ ತೂರ್ ಊರಿನಲ್ಲಿ ಸ್ಟೆನ್ಸಿಲ್ ಶುರು ಮಾಡಿದರು. ಪಾಂಪಿದೂ ಸೆಂಟರ್ ಪಕ್ಕದಲ್ಲಿ, ತುಟಿಯ ಮೇಲೆ ಬೆರಳಿಟ್ಟು "ಶ್" ಅನ್ನುವ ದೈತ್ಯ ಮುಖ ಇದೆ. 2011ರ ಆ ಚಿತ್ರ ಇವರದ್ದು. ಮಿಸ್ ಟಿಕ್ 1985ರಿಂದ ಪ್ಯಾರಿಸ್‌ನ ಗೋಡೆಗಳಲ್ಲಿ ಹೆಣ್ಣುಗಳ ಚಿತ್ರದ ಪಕ್ಕ ಒಂದೆರಡು ಸಾಲಿನ ಕವಿತೆ ಬರೆದರು. 2011ರಲ್ಲಿ ಫ್ರಾನ್ಸ್‌ನ ಅಂಚೆ ಇಲಾಖೆ ಅವರ ಚಿತ್ರಗಳ ಅಂಚೆಚೀಟಿ ತಂದಿತು. 2022ರಲ್ಲಿ ತೀರಿಕೊಂಡರು. ನಂತರದ ತಲೆಮಾರಿನ ಸಿ215 ಅನ್ನುವ ಕಲಾವಿದ ಹಲವು ಬಣ್ಣಗಳ ಸೂಕ್ಷ್ಮ ಸ್ಟೆನ್ಸಿಲ್ ಮುಖಗಳಿಗೆ ಹೆಸರುವಾಸಿ.

ನಾನೂ ಒಂದು ಸ್ಟೆನ್ಸಿಲ್ ಮಾಡಿ ನೋಡಬಹುದಾ?

ಖಂಡಿತ. ನಿಮ್ಮದೇ ಗೋಡೆ, ಇಲ್ಲವೇ ಅನುಮತಿ ಕೊಟ್ಟವರ ಗೋಡೆ ಇರಲಿ. ಬೆಳಕು ನೆರಳು ಸ್ಪಷ್ಟವಾಗಿರುವ ಫೋಟೊ ಆರಿಸಿ. ಅದನ್ನು ಬರೀ ಕಪ್ಪು ಬಿಳುಪಿಗೆ ಇಳಿಸಿ. ಕತ್ತರಿಸುವ ಮೊದಲು ಪೆನ್ಸಿಲ್‌ನಿಂದ ಪ್ರತಿ ದ್ವೀಪಕ್ಕೂ ಸೇತುವೆ ಬರೆದುಕೊಳ್ಳಿ, ಈ ಹಂತದಲ್ಲಿ ಅವಸರ ಬೇಡ. ಚಿಕ್ಕ ಭಾಗಗಳನ್ನು ಮೊದಲು ಕತ್ತರಿಸಿ, ದೊಡ್ಡವನ್ನು ಆಮೇಲೆ. ಇಲ್ಲದಿದ್ದರೆ ಹಾಳೆ ಸಡಿಲವಾಗಿ ಸಣ್ಣ ಕೆಲಸಕ್ಕೆ ಹಿಡಿತ ಸಿಗುವುದಿಲ್ಲ. ಬ್ಲೇಡ್ ಹೊಸದಿರಲಿ.

ಬಣ್ಣ ಹೊಡೆಯುವಾಗ ಒಂದು ಗೇಣಿಗಿಂತ ಸ್ವಲ್ಪ ದೂರದಿಂದ, ತೆಳುವಾಗಿ, ಎರಡು ಮೂರು ಸಲ. ಒಂದೇ ಸಲ ದಪ್ಪವಾಗಿ ಹೊಡೆದರೆ ಬಣ್ಣ ಹಾಳೆಯ ಅಡಿಗೆ ಸೋರಿ ಅಂಚು ಕೆಡುತ್ತದೆ. ಡಬ್ಬಿಯ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಳಿಯಾಡುವ ಜಾಗದಲ್ಲೇ ಮಾಡಿ, ಬಣ್ಣದ ಆವಿಗೆ ತಕ್ಕ ಮಾಸ್ಕ್ ಹಾಕಿಕೊಳ್ಳಿ.

ಮೊದಲಿಗೆ ಮುಖ ಬೇಡ. ಇಲಿಯಿಂದಲೇ ಶುರು ಮಾಡಿ.

1980ರ ದಶಕದ ಅವರ ಚಿತ್ರಗಳು ಇವತ್ತು ಉಳಿದಿವೆಯಾ?

ಹೆಚ್ಚಿನವು ಇಲ್ಲ. ಸುಣ್ಣ ಬಣ್ಣ ಹೊಡೆದರು, ಕಟ್ಟಡ ಕೆಡವಿದರು, ಮಳೆ ಬಿಸಿಲು ತಿಂದಿತು. ನಾವು ನೋಡುವುದು ಫೋಟೊಗಳನ್ನು.

ಆದರೆ ಜರ್ಮನಿಯ ಲೈಪ್ಜಿಗ್‌ನಲ್ಲಿ ಒಂದು ಚಿತ್ರ ಉಳಿದ ಕಥೆಯನ್ನು ಹೇಳಲೇಬೇಕು. 1991ರಲ್ಲಿ, ಅಂದರೆ ಬಂಧನವಾದ ವರ್ಷವೇ, ಬ್ಲೆಕ್ ಅಲ್ಲಿನ ಕಾರ್ಲ್ ಲೀಬ್‌ಕ್ನೆಕ್ಟ್ ಬೀದಿಯ ಒಂದು ಮನೆಯ ಗೋಡೆಗೆ ತಾಯಿ ಮಗುವಿನ ಸ್ಟೆನ್ಸಿಲ್ ಹೊಡೆದಿದ್ದರು. ಅದೇ ಕಾರವಾಜ್ಜೊನ ತಾಯಿ, ಅದೇ ಮಗು. ಅದನ್ನು ಅರ್ಪಿಸಿದ್ದು ಸಿಬಿಲ್‌ಗೆ, ಅವರ ಬಾಳ ಸಂಗಾತಿಗೆ. ಬರುಬರುತ್ತಾ ಆ ಗೋಡೆಗೆ ಸಂಗೀತ ಕಾರ್ಯಕ್ರಮ, ಅದು ಇದು ಅಂತ ಪೋಸ್ಟರ್ ಅಂಟಿಸಿದರು. ಅದರ ಮೇಲೆ ಇನ್ನೊಂದು, ಮತ್ತೊಂದು. ಚಿತ್ರ ಮುಚ್ಚಿಹೋಯಿತು. ಜನ ಮರೆತರು.

2012ರಲ್ಲಿ ಆ ಮನೆಯ ದುರಸ್ತಿಯ ಸಮಯದಲ್ಲಿ ಪೋಸ್ಟರ್‌ಗಳ ದಪ್ಪ ಪದರದ ಅಡಿಯಿಂದ ಚಿತ್ರ ಮತ್ತೆ ಹೊರಬಂತು. ಇಪ್ಪತ್ತು ವರ್ಷ ಮಳೆ ಬಿಸಿಲಿನಿಂದ ಅದನ್ನು ಕಾಪಾಡಿದ್ದು ಅದನ್ನು ಮುಚ್ಚಿದ ಕಾಗದಗಳೇ. ಗುರುತಿಸಿದವರು ಅದನ್ನು ಉಳಿಸಲು ಓಡಾಡಿದರು. ಸರ್ಕಾರ ರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಸರಿಪಡಿಸಿ ಮುಂದೆ ಗಾಜು ಕೂರಿಸಿದರು. ಲೈಪ್ಜಿಗ್‌ಗೆ ಹೋದವರು ಇವತ್ತೂ ಆ ಬೀದಿಯ ಕಾಲುದಾರಿಯಲ್ಲೇ ನಿಂತು ಅದನ್ನು ನೋಡಬಹುದು. ಟಿಕೆಟ್ ಇಲ್ಲ, ಬಾಗಿಲು ಮುಚ್ಚುವ ಹೊತ್ತೂ ಇಲ್ಲ.